ಇಪ್ಪತ್ತಾರಕ್ಕೆ ಗೆಜ್ಜೆ ಕಟ್ಟಿದವರು

ನಮ್ಮ ವಾರ್ತಾಪತ್ರದ ಈ ಪುಟದಲ್ಲಿ ವಿಜ್ಞಾನಿಗಳು, ಸ್ವಾತಂತ್ರ್ಯ ಹೋರಾಟಗಾರರು, ಕವಿಗಳ ಬಗ್ಗೆ ಓದುತ್ತಾ ಬಂದಿದ್ದೀರಿ. ಈ ಸಲ ಬರೆಯುವ ಪಾಳಿ ನನ್ನದು. ಸಂಪಾದಕ ಬಳಗದ ವಿದ್ಯಾರ್ಥಿನಿಯರು ಬಂದು ಮೇಡಂ ಯಾರ ಬಗ್ಗೆ ಬರೆಯುತ್ತೀರಿ ಎಂದು ಕೇಳಿದರು. ಪ್ರೋತಿಮಾ ಬೇಡಿ ಎಂದೆ. ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಮೊದಲು ಫ್ಯಾಷನ್ ಮಾಡೆಲ್ ಆಗಿದ್ದವರು ಎಂದು ಹೇಳಿದ ಕೂಡಲೇ ಮುಖ ಮುಖ ನೋಡಿಕೊಂಡು ನಕ್ಕರು. ನಮ್ಮ ಕಾಲೇಜಿನ ಪತ್ರಕ್ಕೆ ಮಾಡೆಲ್ ಯಾಕೆ ಎಂಬ ಪ್ರಶ್ನೆ ಆ ನಗುವಿನಲ್ಲೇ ಇತ್ತು.

ಅದಕ್ಕೆ ನನ್ನ ಕಾರಣಗಳು ಎರಡು. ಪ್ರೋತಿಮಾ ತೀರಿಕೊಂಡದ್ದು 1998ರಲ್ಲಿ. ಈಗ ನಮ್ಮ ತರಗತಿಗಳಲ್ಲಿ ಕೂತಿರುವ ಯಾರೂ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಅವರು ಕಟ್ಟಿದ ಸಂಸ್ಥೆ ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಇವತ್ತಿಗೂ ನಡೆಯುತ್ತಿದೆ. ಎರಡನೆಯ ಕಾರಣ ನಿಮಗೇ ಸಂಬಂಧಿಸಿದ್ದು. ನಾನು ವಾಣಿಜ್ಯಶಾಸ್ತ್ರ ಕಲಿಸುವವಳು. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ಕೆಲವು ಮಕ್ಕಳು ಬಂದು ನಿಲ್ಲುತ್ತಾರೆ. ವಿಜ್ಞಾನ ತಗೊಂಡು ತಪ್ಪಾಯಿತು, ಒಂದು ವರ್ಷ ಹಾಳಾಯಿತು, ಇನ್ನು ಹೊಸದಾಗಿ ಏನೂ ಶುರುಮಾಡಲು ಆಗುವುದಿಲ್ಲ ಎಂದು ಅಳುತ್ತಾರೆ. ವಯಸ್ಸು ಎಷ್ಟಪ್ಪ ಎಂದರೆ ಹದಿನೇಳು. ಅಂಥವರಿಗೆ ನಾನು ಬಾಯಿಮಾತಿನಲ್ಲಿ ಹೇಳುತ್ತಿದ್ದ ಕಥೆಯನ್ನೇ ಈಗ ಬರೆದು ಕೊಡುತ್ತಿದ್ದೇನೆ.

ಪ್ರೋತಿಮಾ ಹುಟ್ಟಿದ್ದು 1948ರ ಅಕ್ಟೋಬರ್ 12ರಂದು, ದೆಹಲಿಯಲ್ಲಿ. ತಂದೆ ಲಕ್ಷ್ಮೀಚಂದ್ ಗುಪ್ತಾ ಈಗಿನ ಹರಿಯಾಣದ ಕರ್ನಾಲ್ ಕಡೆಯ ವ್ಯಾಪಾರಿ ಮನೆತನದವರು. ತಾಯಿ ರೇಬಾ ಬಂಗಾಳಿ. ಜಾತಿಯೂ ಭಾಷೆಯೂ ಬೇರೆಯಾದ ಈ ಮದುವೆಯನ್ನು ತಂದೆಯ ಮನೆಯವರು ಒಪ್ಪಲಿಲ್ಲ, ಹಾಗಾಗಿ ಲಕ್ಷ್ಮೀಚಂದ್ ಊರು ಬಿಟ್ಟು ದೆಹಲಿಗೆ ಬಂದು ದುಡಿಯಬೇಕಾಯಿತು. ನಾಲ್ಕು ಮಕ್ಕಳಲ್ಲಿ ಪ್ರೋತಿಮಾ ಎರಡನೆಯವರು. ತಂದೆಯ ವ್ಯವಹಾರದ ಹಿಂದೆ ಕುಟುಂಬ 1953ರಲ್ಲಿ ಗೋವಾಕ್ಕೆ, 1957ರಲ್ಲಿ ಬೊಂಬಾಯಿಗೆ ಹೋಯಿತು. ಒಂಬತ್ತನೆಯ ವಯಸ್ಸಿನಲ್ಲಿ ಹುಡುಗಿಯನ್ನು ಕರ್ನಾಲ್ ಜಿಲ್ಲೆಯ ಹಳ್ಳಿಯಲ್ಲಿದ್ದ ಅತ್ತೆಯ ಮನೆಗೆ ಕಳಿಸಿದರು. ಕೆಲಕಾಲ ಅಲ್ಲಿಯ ಶಾಲೆ, ಆಮೇಲೆ ಮಹಾರಾಷ್ಟ್ರದ ಪಂಚಗಣಿಯಲ್ಲಿ ಕಿಮ್ಮಿನ್ಸ್ ಹೈಸ್ಕೂಲಿನ ಹಾಸ್ಟೆಲು, ಕೊನೆಗೆ ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜು. ಹಳ್ಳಿಯ ಅಂಗಳವನ್ನೂ ಇಂಗ್ಲಿಷ್ ಕಾನ್ವೆಂಟನ್ನೂ ಚಿಕ್ಕಂದಿನಲ್ಲೇ ಕಂಡವರು. ಮುಂದೆ ಅವರು ಹಳ್ಳಿಯ ಪಕ್ಕದಲ್ಲೇ ಶಾಲೆ ಕಟ್ಟಲು ಹೊರಟಾಗ ಈ ಬಾಲ್ಯ ನೆರವಿಗೆ ಬಂದಿರಬೇಕು ಎಂದು ನನಗೆ ಅನ್ನಿಸುತ್ತದೆ.

1960ರ ದಶಕದ ಕೊನೆಗೆ ಅವರು ಬೊಂಬಾಯಿಯಲ್ಲಿ ಹೆಸರಾಂತ ಮಾಡೆಲ್ ಆಗಿದ್ದರು. ಆಗಿನ ಮಾಡೆಲಿಂಗ್ ಎಂದರೆ ಇವತ್ತಿನ ಹಾಗೆ ದೂರದರ್ಶನದಲ್ಲಿ ದಿನವಿಡೀ ಕಾಣುವ ದೊಡ್ಡ ಉದ್ಯಮವಲ್ಲ. ನಮ್ಮ ದೇಶದಲ್ಲಿ ಟಿವಿ ಎಂಬುದೇ ಆಗ ಹೆಚ್ಚು ಕಡಿಮೆ ಇರಲಿಲ್ಲ. ಬಟ್ಟೆ ಗಿರಣಿಗಳು ತಮ್ಮ ಸೀರೆ, ಶರ್ಟು, ಸೂಟಿನ ಬಟ್ಟೆ ಮಾರಲು ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿದ್ದವು, ದೊಡ್ಡ ಹೋಟೆಲುಗಳಲ್ಲಿ ಪ್ರದರ್ಶನ ಇಡುತ್ತಿದ್ದವು. ಆ ಚಿತ್ರಗಳಿಗೂ ಪ್ರದರ್ಶನಗಳಿಗೂ ಬೇಕಾದವರು ಬೆರಳೆಣಿಕೆಯ ಹುಡುಗಿಯರು. ಮಧ್ಯಮ ವರ್ಗದ ಮನೆಗಳಲ್ಲಿ ಈ ಕೆಲಸಕ್ಕೆ ಮರ್ಯಾದೆ ಇರಲಿಲ್ಲ. ಕೆಲಸ ಮಾಡುವ ಹುಡುಗಿಗೆ ದುಡ್ಡು ಬರುತ್ತಿತ್ತು, ಹೆಸರು ಬರುತ್ತಿತ್ತು, ಅದರ ಜೊತೆಗೇ ಬಾಯಿಗೆ ಬಂದ ಮಾತೂ ಬರುತ್ತಿತ್ತು.

1969ರಲ್ಲಿ ಅವರು ಕಬೀರ್ ಬೇಡಿಯವರನ್ನು ಮದುವೆಯಾದರು. ಕಬೀರ್ ಮುಂದೆ ಸಿನಿಮಾ ನಟರಾಗಿ ಹೆಸರು ಮಾಡಿದರು. ಸಂಡೋಕನ್ ಎಂಬ ಧಾರಾವಾಹಿಯಿಂದ ಇಟಲಿಯಲ್ಲಂತೂ ಮನೆಮಾತಾದರು. ಮಗಳು ಪೂಜಾ 1970ರಲ್ಲಿ ಹುಟ್ಟಿದಳು, ಆಮೇಲೆ ಮಗ ಸಿದ್ಧಾರ್ಥ. ಪತ್ರಿಕೆಗಳಿಗೆ ಈ ಜೋಡಿ ಎಂದರೆ ಹಬ್ಬ. ಅವರು ಏನು ಉಟ್ಟರು, ಯಾರ ಪಾರ್ಟಿಗೆ ಹೋದರು, ಯಾರ ಜೊತೆ ಮುನಿಸಿಕೊಂಡರು, ಎಲ್ಲವೂ ಸುದ್ದಿ.

ಆ ಕಾಲದ ಒಂದು ಸಂಗತಿಯನ್ನು ಮುಚ್ಚಿಟ್ಟು ಮುಂದೆ ಹೋದರೆ ಬರವಣಿಗೆ ಪ್ರಾಮಾಣಿಕ ಆಗುವುದಿಲ್ಲ. 1974ರ ಸುಮಾರಿಗೆ ಹೊಸ ಸಿನಿಮಾ ಪತ್ರಿಕೆಯೊಂದರ ಪ್ರಚಾರದ ಸಂದರ್ಭದಲ್ಲಿ ಅವರದೊಂದು ಫೋಟೊ ಹೊರಬಂದು ದೇಶದಲ್ಲೆಲ್ಲ ಗದ್ದಲವಾಯಿತು. ಅದರ ವಿವರ ನಮ್ಮ ಪತ್ರಕ್ಕೆ ಬೇಕಿಲ್ಲ. ಅದು ನನಗೆ ಒಪ್ಪಿಗೆಯಾದ ಕೆಲಸವೂ ಅಲ್ಲ. ನಾನು ಹೇಳಬೇಕೆಂದಿರುವುದು ಬೇರೆ. ಆ ಫೋಟೊ ತೆಗೆದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಆಮೇಲೆ ಇಪ್ಪತ್ತೆರಡು ವರ್ಷಕ್ಕೂ ಹೆಚ್ಚು ಕಾಲ ಅವರು ಬೆವರು ಸುರಿಸಿ ನೃತ್ಯ ಕಲಿತರು, ಕಲಿಸಿದರು, ಒಂದು ಊರನ್ನೇ ಕಟ್ಟಿದರು. ಆದರೂ ಇವತ್ತು ಮೊಬೈಲಿನಲ್ಲಿ ಅವರ ಹೆಸರು ಹೊಡೆದರೆ ಮೊದಲ ಸಾಲುಗಳಲ್ಲೇ ಆ ಫೋಟೊದ ಸುದ್ದಿ ಬರುತ್ತದೆ. ಒಂದು ಕ್ಷಣದ ಚಿತ್ರ ಒಬ್ಬ ಹೆಣ್ಣಿನ ಹೆಸರಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದು ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇರುವ ನಿಮ್ಮ ಕಾಲದಲ್ಲಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರೋತಿಮಾ ಆ ಚಿತ್ರವನ್ನು ಅಳಿಸಲು ಓಡಾಡಲಿಲ್ಲ. ಜನ ನೋಡಲು ಬೇರೆ ಏನನ್ನೋ ಕೊಟ್ಟರು.

ಅದು ಶುರುವಾದದ್ದು 1975ರ ಆಗಸ್ಟಿನಲ್ಲಿ. ಬೊಂಬಾಯಿಯ ಭುಲಾಭಾಯಿ ಸ್ಮಾರಕ ಸಂಸ್ಥೆಯ ಸಭಾಂಗಣಕ್ಕೆ ಅವರು ಹೋದದ್ದು ಆಕಸ್ಮಿಕವಾಗಿ. ವೇದಿಕೆಯ ಮೇಲೆ ಇಬ್ಬರು ಹುಡುಗಿಯರು ಒಡಿಸ್ಸಿ ನೃತ್ಯ ಮಾಡುತ್ತಿದ್ದರು. ಪ್ರೋತಿಮಾಗೆ ಅದರ ತಾಳ ಗೊತ್ತಿರಲಿಲ್ಲ, ಹಾಡಿನ ಭಾಷೆ ಗೊತ್ತಿರಲಿಲ್ಲ. ಆದರೂ ಅಲ್ಲಿಂದ ಏಳುವ ಹೊತ್ತಿಗೆ ಇದನ್ನು ಕಲಿಯಲೇಬೇಕು ಎಂದು ತೀರ್ಮಾನ ಮಾಡಿಯಾಗಿತ್ತು.

ಆಗ ಅವರಿಗೆ ಇಪ್ಪತ್ತಾರು ವರ್ಷ, ಮನೆಯಲ್ಲಿ ಇಬ್ಬರು ಮಕ್ಕಳು. ಶಾಸ್ತ್ರೀಯ ನೃತ್ಯ ಅಂದರೆ ಐದಾರು ವರ್ಷದ ಮಕ್ಕಳಿಗೆ ಗೆಜ್ಜೆ ಕಟ್ಟಿ ಶುರುಮಾಡುವ ವಿದ್ಯೆ. ಒಡಿಸ್ಸಿಯ ಮಹಾನ್ ಕಲಾವಿದೆ ಸಂಯುಕ್ತಾ ಪಾಣಿಗ್ರಾಹಿ ಕಲಿಕೆ ಆರಂಭಿಸಿದ್ದು ನಾಲ್ಕನೆಯ ವಯಸ್ಸಿಗೆ. ಎಳೆಯ ಮೈ ಬಾಗುತ್ತದೆ, ಬಲಿತ ಮೈ ಬಾಗುವುದಿಲ್ಲ. ಒಡಿಸ್ಸಿಯಲ್ಲಿ ಇದು ಇನ್ನೂ ಕಷ್ಟ. ಅದರಲ್ಲಿ ಎರಡು ಮುಖ್ಯ ನಿಲುವುಗಳಿವೆ. ಒಂದು ಚೌಕ: ಮೊಣಕಾಲು ಮಡಿಸಿ, ಪಾದ ಹೊರಚಾಚಿ, ಕೈಗಳನ್ನು ಎರಡೂ ಬದಿಗೆ ಸಮನಾಗಿ ಹಿಡಿದು ಮೈಯನ್ನು ನಾಲ್ಕು ಮೂಲೆಯ ಹಾಗೆ ನಿಲ್ಲಿಸಬೇಕು. ಇನ್ನೊಂದು ತ್ರಿಭಂಗಿ: ಮೊಣಕಾಲು, ಸೊಂಟ, ಕುತ್ತಿಗೆ ಎಂದು ಮೂರು ಕಡೆ ಮೈ ಬಾಗಬೇಕು, ಹಳೆಯ ಗುಡಿಗಳ ಗೋಡೆಯ ಶಿಲ್ಪಗಳಲ್ಲಿ ಕಾಣುವ ಹಾಗೆ. ಸೊಂಟ ಅಲುಗಾಡದೆ ಎದೆಯ ಭಾಗ ಮಾತ್ರ ಪಕ್ಕಕ್ಕೆ ಸರಿಯುವ ಚಲನೆ ಈ ನೃತ್ಯದ ವಿಶೇಷ. ಬೇಕಿದ್ದರೆ ಒಮ್ಮೆ ಗೋಡೆಗೆ ಆತು ನಿಂತು ಪ್ರಯತ್ನಿಸಿ ನೋಡಿ, ಎರಡು ನಿಮಿಷಕ್ಕೆ ತೊಡೆ ನಡುಗುತ್ತದೆ.

ಅವರು ಹುಡುಕಿಕೊಂಡು ಹೋದ ಗುರು ಕೇಳುಚರಣ ಮಹಾಪಾತ್ರ. ಅವರ ಬಗ್ಗೆ ಎರಡು ಮಾತು ಹೇಳಲೇಬೇಕು. 1926ರಲ್ಲಿ ಪುರಿಯ ಹತ್ತಿರದ ರಘುರಾಜಪುರದಲ್ಲಿ, ಪಟಚಿತ್ರ ಬರೆಯುವ ಮನೆತನದಲ್ಲಿ ಹುಟ್ಟಿದವರು. ಹುಡುಗರಾಗಿದ್ದಾಗ ಗೋಟಿಪುವ ಮೇಳದಲ್ಲಿ ಕುಣಿದವರು. ಗೋಟಿಪುವ ಅಂದರೆ ಗಂಡುಹುಡುಗರು ಹೆಣ್ಣುವೇಷ ಹಾಕಿ ಮಾಡುವ ಒಡಿಶಾದ ಹಳ್ಳಿಯ ಕುಣಿತ. ನಮ್ಮ ಬಯಲಾಟಗಳಲ್ಲೂ ಗಂಡಸರು ಸ್ತ್ರೀವೇಷ ಹಾಕುತ್ತಿದ್ದದ್ದನ್ನು ನಿಮ್ಮ ಅಜ್ಜಂದಿರು ಹೇಳಿರಬಹುದು. ಮರ್ದಳ ಬಾರಿಸುವುದರಲ್ಲೂ ಅವರು ನಿಪುಣರು. 1950ರ ದಶಕದ ಕೊನೆಯಲ್ಲಿ ಒಡಿಶಾದ ಗುರುಗಳು, ವಿದ್ವಾಂಸರು ಒಟ್ಟು ಕೂತು, ಗುಡಿಯಲ್ಲೂ ಹಳ್ಳಿಯ ಮೇಳದಲ್ಲೂ ಚದುರಿಹೋಗಿದ್ದ ಕುಣಿತವನ್ನು ಒಟ್ಟುಮಾಡಿ ಒಡಿಸ್ಸಿಗೆ ಈಗಿನ ವೇದಿಕೆಯ ರೂಪ ಕೊಟ್ಟರು. ಅದರಲ್ಲಿ ಕೇಳುಚರಣರ ಪಾಲು ದೊಡ್ಡದು. 2000ದಲ್ಲಿ ಅವರಿಗೆ ಪದ್ಮವಿಭೂಷಣ ಬಂತು.

ಕಟಕ್‌ನಲ್ಲಿದ್ದ ಈ ಗುರುವಿನ ಬಳಿಗೆ ಬೊಂಬಾಯಿಯಿಂದ ಬಂದವರು ಬಿಗಿ ಪ್ಯಾಂಟು ತೊಟ್ಟು, ಕೂದಲಿಗೆ ಬಂಗಾರದ ಬಣ್ಣ ಹಚ್ಚಿಕೊಂಡ ಮಾಡೆಲ್. ಗುರುವಿನ ಮನೆಯ ಕ್ರಮಕ್ಕೂ ಈ ಶಿಷ್ಯೆಗೂ ಎಷ್ಟು ಅಂತರ ಎಂದು ನೀವೇ ಊಹಿಸಿಕೊಳ್ಳಿ. ಅದೇ ಶಿಷ್ಯೆ ಸೀರೆ ಕಚ್ಚೆ ಹಾಕಿ, ನೆಲದ ಮೇಲೆ ಮಲಗಿ, ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಗಂಟೆ ಅಭ್ಯಾಸಕ್ಕೆ ಇಳಿದರು. ಕ್ಯಾಮೆರಾದ ಎದುರು ಮೈಯನ್ನು ಚಂದ ಕಾಣುವ ಹಾಗೆ ನಿಲ್ಲಿಸುವುದು ಅವರಿಗೆ ಗೊತ್ತಿತ್ತು. ಇಲ್ಲಿ ಅದರಿಂದ ಪ್ರಯೋಜನವಿರಲಿಲ್ಲ. ಫೋಟೊಕ್ಕೆ ಒಂದು ಕ್ಷಣ ನಿಂತರೆ ಸಾಕು. ಒಡಿಸ್ಸಿಯಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಅಷ್ಟೇ ಸರಿಯಾಗಿರಬೇಕು, ಅದೂ ತಾಳ ತಪ್ಪದೆ. ಎಳೆಯ ಮಕ್ಕಳು ವರ್ಷಗಟ್ಟಲೆ ನಿಧಾನವಾಗಿ ಕಲಿಯುವುದನ್ನು ಅವರು ದಿನದ ಗಂಟೆಗಳನ್ನು ಹಿಗ್ಗಿಸಿ ಕಲಿಯಬೇಕಾಯಿತು. ಲೆಕ್ಕದ ಮೇಷ್ಟ್ರಾಗಿ ಹೇಳುವುದಾದರೆ, ದಿನಕ್ಕೆ ಒಂದು ಗಂಟೆ ಕಲಿಯುವ ಮಗುವಿಗೆ ಹನ್ನೆರಡು ವರ್ಷ ಹಿಡಿಯುವಷ್ಟು ಗಂಟೆಗಳು ದಿನಕ್ಕೆ ಹನ್ನೆರಡು ಗಂಟೆ ದುಡಿದರೆ ಒಂದೇ ವರ್ಷದಲ್ಲಿ ಸಿಗುತ್ತವೆ. ಮೈ ಅದನ್ನು ತಡೆದುಕೊಳ್ಳಬೇಕು, ಅಷ್ಟೆ. ತಡೆದುಕೊಂಡಿತು.

ಕೆಲವೇ ವರ್ಷಗಳಲ್ಲಿ ಅವರು ದೇಶದ ಬೇರೆ ಬೇರೆ ಕಡೆ ಪ್ರದರ್ಶನ ಕೊಡತೊಡಗಿದರು. ನೋಡಲು ಬಂದವರಲ್ಲಿ ಎಷ್ಟೋ ಜನ ನೃತ್ಯಕ್ಕಾಗಿ ಅಲ್ಲ, ಕುತೂಹಲಕ್ಕೆ ಬಂದವರು. ಅದೂ ಅವರಿಗೆ ಗೊತ್ತಿತ್ತು. ತಮ್ಮ ಹೆಸರಿನ ಹಿಂದಿನ ಗದ್ದಲವೇ ಒಡಿಸ್ಸಿಗೆ ಹೊಸ ಪ್ರೇಕ್ಷಕರನ್ನು ತಂದಿದ್ದರೆ ಅದರಲ್ಲೇನು ನಷ್ಟ? ಪಂಡಿತರು ಅವರನ್ನು ಸಂಯುಕ್ತಾ ಪಾಣಿಗ್ರಾಹಿಯವರ ಸಾಲಿನಲ್ಲಿ ಇಡುವುದಿಲ್ಲ. ಇಡಬೇಕಾದ ಅಗತ್ಯವೂ ಇಲ್ಲ ಎಂದು ನನ್ನ ಅಭಿಪ್ರಾಯ. ಅವರ ದೊಡ್ಡ ಕೆಲಸ ವೇದಿಕೆಯಿಂದ ಆಚೆ ಇತ್ತು.

ಅಭಿನಯವನ್ನು ಅವರು ಮದ್ರಾಸಿನಲ್ಲಿ ಕಲಾನಿಧಿ ನಾರಾಯಣನ್ ಅವರ ಬಳಿ ಕಲಿತರು. ಮುಖ, ಕಣ್ಣು, ಹುಬ್ಬುಗಳಿಂದ ಹಾಡಿನ ಅರ್ಥವನ್ನು ಹೇಳುವುದೇ ಅಭಿನಯ. ಈ ಗುರುವಿನ ಕಥೆಯೂ ನಿಮಗೆ ಗೊತ್ತಿರಬೇಕು. 1928ರಲ್ಲಿ ಹುಟ್ಟಿ, ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತು, ಹದಿಹರೆಯದಲ್ಲೇ ನೃತ್ಯ ಬಿಟ್ಟು ಸಂಸಾರಕ್ಕೆ ಹೋದವರು. ಸುಮಾರು ಮೂವತ್ತು ವರ್ಷದ ನಂತರ, ನಲವತ್ತು ದಾಟಿದ ಮೇಲೆ, ಮತ್ತೆ ಬಂದು ಅಭಿನಯ ಕಲಿಸಲು ಕೂತರು. ಇಪ್ಪತ್ತಾರಕ್ಕೆ ಶುರುಮಾಡಿದ ಶಿಷ್ಯೆ, ನಲವತ್ತು ದಾಟಿ ಹಿಂತಿರುಗಿದ ಗುರು. ಆ ಪಾಠದ ಕೋಣೆಯಲ್ಲಿ ತಡವಾಯಿತು ಎಂಬ ಮಾತನ್ನು ಯಾರು ಯಾರಿಗೆ ಹೇಳಬೇಕಿತ್ತು!

ಮನೆಯಲ್ಲಿ ಮಾತ್ರ ಎಲ್ಲವೂ ಸರಿಯಿರಲಿಲ್ಲ. 1970ರ ದಶಕ ಮುಗಿಯುವ ಮುಂಚೆಯೇ ಕಬೀರ್ ಮತ್ತು ಅವರು ಬೇರೆಯಾದರು. ಪ್ರೋತಿಮಾ ಬೊಂಬಾಯಿಯ ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ಒಡಿಸ್ಸಿ ಶಾಲೆ ಶುರುಮಾಡಿದರು. ಊರಿನ ಮಕ್ಕಳು ಶಾಲೆ ಮುಗಿಸಿ, ಟ್ಯೂಷನ್ ಮುಗಿಸಿ, ವಾರಕ್ಕೆ ಎರಡು ದಿನ ಒಂದೊಂದು ಗಂಟೆ ಬಂದು ಹೋಗುತ್ತಿದ್ದರು. ಕಟಕ್‌ನಲ್ಲಿ ತಾವು ಕಲಿತ ಬಗೆಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ಹೀಗೆ ಕಲಿಸಿದರೆ ನೃತ್ಯ ಉಳಿಯುವುದಿಲ್ಲ, ಗುರು ಶಿಷ್ಯರು ಒಂದೇ ಕಡೆ ಇದ್ದು, ಉಂಡು, ದುಡಿದು ಕಲಿಯುವ ಜಾಗ ಬೇಕು ಎಂಬ ಹಂಬಲ ಅಲ್ಲಿಂದ ಬೆಳೆಯಿತು. ನೃತ್ಯಕ್ಕೇ ಮೀಸಲಾದ ಒಂದು ಹಳ್ಳಿ.

ನಮ್ಮ ಜಿಲ್ಲೆಯವರಿಗೆ ಈ ಕನಸು ಹೊಸದೇನೂ ಅಲ್ಲ. ವಿಜಯಪುರದ ಪಶ್ಚಿಮಕ್ಕೆ ತೊರವಿಯ ಕಡೆ ಹೋದರೆ ನವರಸಪುರದ ಪಾಳುಗೋಡೆಗಳು, ಸಂಗೀತ ಮಹಲು ಕಾಣುತ್ತವೆ. ಎರಡನೇ ಇಬ್ರಾಹಿಂ ಆದಿಲ್‌ ಶಾಹ 1599ರಲ್ಲಿ ಕಟ್ಟಿಸಲು ತೊಡಗಿದ ಊರು ಅದು. ಸ್ವತಃ ಹಾಡುಗಳನ್ನು ರಚಿಸಿ ಕಿತಾಬ್‌-ಎ-ನವರಸ್ ಬರೆದ ದೊರೆ ಕಲಾವಿದರನ್ನೂ ಸಂಗೀತಗಾರರನ್ನೂ ಅಲ್ಲಿ ನೆಲೆಗೊಳಿಸಲು ಬಯಸಿದ್ದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಸುಲ್ತಾನನಿಗೆ ಖಜಾನೆ ಇತ್ತು, ಸೈನ್ಯ ಇತ್ತು, ಆಳುಗಳಿದ್ದರು. ಆದರೂ ಇಪ್ಪತ್ತೈದು ವರ್ಷದಲ್ಲಿ ಊರು ಪಾಳುಬಿತ್ತು. ಪ್ರೋತಿಮಾ ಬಳಿ ಏನಿತ್ತು? ಜಾಗವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ದೊಡ್ಡವರ ಬಾಗಿಲು ತಟ್ಟುವ ಧೈರ್ಯ ಇತ್ತು, ಬೇಡ ಅನ್ನಿಸಿಕೊಂಡರೆ ಮತ್ತೆ ಹೋಗುವ ಹಟ ಇತ್ತು.

ಬಾಗಿಲು ತೆರೆದದ್ದು ಕರ್ನಾಟಕ. ಹೆಸರಘಟ್ಟದ ಹತ್ತಿರ 10 ಎಕರೆ ಜಮೀನನ್ನು ಸರ್ಕಾರ ಲೀಸಿಗೆ ಕೊಟ್ಟಿತು. ಹೆಸರಘಟ್ಟ ಬೆಂಗಳೂರಿಗೆ ನೀರು ಕೊಟ್ಟ ಊರು. 1894ರಲ್ಲಿ ಅರ್ಕಾವತಿ ನದಿಗೆ ಅಲ್ಲಿ ಕೆರೆ ಕಟ್ಟಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹರಿಸಿದರು. ಸುತ್ತ ಹುಲ್ಲುಗಾವಲು, ರಾಗಿ ಹೊಲ, ಚಿಕ್ಕ ಚಿಕ್ಕ ಹಳ್ಳಿಗಳು. ಅಂಥ ಬಯಲಿನಲ್ಲಿ ನೃತ್ಯಗ್ರಾಮ ಎದ್ದಿತು. ಗೋವಾದ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಅದರ ನಕ್ಷೆ ಮಾಡಿದರು. ಕಲ್ಲು, ಮಣ್ಣು, ಇಟ್ಟಿಗೆ, ಹುಲ್ಲು ಮುಂತಾಗಿ ಹಳ್ಳಿಮನೆಗೆ ಬೇಕಾಗುವ ವಸ್ತುಗಳಿಂದಲೇ ಕಟ್ಟಡಗಳು, ನೃತ್ಯಕ್ಕೆ ಗಾಳಿ ಬೆಳಕು ಆಡುವ ಅಂಗಳಗಳು, ಒಂದು ಬಯಲು ರಂಗಮಂದಿರ. 1990ರ ಮೇ 11ರಂದು ಆಗಿನ ಪ್ರಧಾನಿ ವಿ.ಪಿ. ಸಿಂಗ್ ಅದನ್ನು ಉದ್ಘಾಟಿಸಿದರು.

ಯೋಜನೆ ದೊಡ್ಡದಾಗಿತ್ತು. ಏಳು ಶಾಸ್ತ್ರೀಯ ನೃತ್ಯಗಳಿಗೆ ಏಳು ಗುರುಕುಲ, ಜೊತೆಗೆ ಛಾವು ಮತ್ತು ಕಳರಿಪಯಟ್ಟು ಎಂಬ ಎರಡು ಸಮರಕಲೆಗಳು. ವಿದ್ಯಾರ್ಥಿಗಳು ಗುರುವಿನ ಜೊತೆ ಅಲ್ಲೇ ವಾಸಿಸಬೇಕು. ಬೆಳಗಾಗುವ ಮುಂಚೆ ಏಳಬೇಕು, ವ್ಯಾಯಾಮ ಮಾಡಬೇಕು, ಇಡೀ ದಿನ ನೃತ್ಯದ ಅಭ್ಯಾಸ. ಅದರ ನಡುವೆ ಹೊಲದಲ್ಲೂ ದುಡಿಯಬೇಕು. ಊಟಕ್ಕೆ ಬೇಕಾದ ತರಕಾರಿ, ಕಾಳು ಸಾಧ್ಯವಾದಷ್ಟು ಅಲ್ಲೇ ಬೆಳೆಯಬೇಕು. ನಿಮ್ಮಲ್ಲಿ ಬಹಳ ಮಂದಿ ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು, ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡಿ ಕಾಲೇಜಿಗೆ ಬರುವವರು. ನಿಮಗೆ ಇದರಲ್ಲಿ ವಿಶೇಷ ಕಾಣಲಿಕ್ಕಿಲ್ಲ. ಆದರೆ ಪಟ್ಟಣದಿಂದ ನೃತ್ಯ ಕಲಿಯಲೆಂದೇ ಬಂದ ಹುಡುಗಿಯರ ಕೈಗೆ ಕುರ್ಪಿ ಕೊಟ್ಟು ಕಳೆ ಕೀಳಿ ಎಂದಾಗ ಅವರ ಮುಖ ಹೇಗಾಗಿರಬಹುದು!

ಏಳೂ ಗುರುಕುಲಗಳು ಅಂದುಕೊಂಡ ಹಾಗೆ ಬೇರೂರಲಿಲ್ಲ. ಗಟ್ಟಿಯಾಗಿ ನಿಂತದ್ದು ಒಡಿಸ್ಸಿ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹೆಸರಾದ ಗುರುವೊಬ್ಬರು ತಮ್ಮ ಊರು, ಶಿಷ್ಯರು, ಕಾರ್ಯಕ್ರಮಗಳನ್ನೆಲ್ಲ ಬಿಟ್ಟು ಹೆಸರಘಟ್ಟದ ಬಯಲಿಗೆ ಬಂದು ವರ್ಷವಿಡೀ ಇರುವುದು ಸುಲಭವಲ್ಲ. ಅದಲ್ಲದೆ ಇಂಥ ಶಾಲೆಗೆ ಆದಾಯ ಇಲ್ಲ, ಖರ್ಚು ಮಾತ್ರ ಇದೆ. ನಾವು ತರಗತಿಯಲ್ಲಿ ಓದುವ ಬಂಡವಾಳ ವೆಚ್ಚ ಮತ್ತು ಚಾಲ್ತಿ ವೆಚ್ಚದ ವ್ಯತ್ಯಾಸ ನೆನಪಿದೆಯಲ್ಲವೆ? ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಏಕೆಂದರೆ ಕಟ್ಟಡದ ಮೇಲೆ ಹೆಸರು ಬರೆಸಬಹುದು. ದಿನದಿನದ ಅಕ್ಕಿ ಬೇಳೆಗೆ, ಕರೆಂಟ್ ಬಿಲ್ಲಿಗೆ, ಗುರುಗಳ ಸಂಬಳಕ್ಕೆ ಯಾರ ಹೆಸರು ಬರೆಯುವುದು? ಈ ಸಮಸ್ಯೆಗೆ ಪ್ರೋತಿಮಾ ಹುಡುಕಿದ ಉತ್ತರ ವ್ಯಾಪಾರಿ ಮನೆತನದ ಮಗಳಿಗೆ ತಕ್ಕದ್ದಾಗಿತ್ತು. 1992ರಲ್ಲಿ ಪಕ್ಕದಲ್ಲೇ ಕುಟೀರಂ ಎಂಬ ಪ್ರವಾಸಿ ವಸತಿಯನ್ನು ಕಟ್ಟಿಸಿದರು. ಅಲ್ಲಿ ಬಂದು ತಂಗುವವರ ದುಡ್ಡು ನೃತ್ಯಗ್ರಾಮದ ಖರ್ಚಿಗೆ ಆಗಲಿ ಎಂಬುದು ಲೆಕ್ಕ. ಉಳಿದದ್ದಕ್ಕೆ ಉದ್ಯಮಿಗಳು, ಅಧಿಕಾರಿಗಳು, ಮಂತ್ರಿಗಳ ಬಳಿ ಕೈಚಾಚುತ್ತಲೇ ಇದ್ದರು. ತಮ್ಮ ಹಳೆಯ ಪ್ರಸಿದ್ಧಿಯನ್ನೂ ಹಳೆಯ ಪರಿಚಯಗಳನ್ನೂ ಇದಕ್ಕೆ ಬಳಸಿಕೊಂಡರು. ಅದನ್ನು ಕೆಲವರು ಆಡಿಕೊಂಡರು. ಶಾಲೆಯ ಸಲುವಾಗಿ ಬೇಡುವುದರಲ್ಲಿ ನಾಚಿಕೆ ಏನಿದೆ? ನಮ್ಮ ಕಾಲೇಜೂ ಸೇರಿದಂತೆ ಎಷ್ಟೋ ವಿದ್ಯಾಸಂಸ್ಥೆಗಳು ನಿಂತಿರುವುದು ಯಾರೋ ಒಬ್ಬರು ಮನೆಮನೆಗೆ ಹೋಗಿ ಕೇಳಿದ್ದರಿಂದಲೇ.

ನನಗೆ ಅವರ ಮೇಲೆ ಹೆಚ್ಚು ಗೌರವ ಬಂದದ್ದು ಎರಡು ಕೆಲಸಗಳಿಂದ. ಶಾಸ್ತ್ರೀಯ ನೃತ್ಯ ನಮ್ಮಲ್ಲಿ ಕಾಸಿದ್ದವರ ವಿದ್ಯೆ. ಫೀಸು, ರೇಷ್ಮೆ ಸೀರೆ, ಒಡವೆ, ರಂಗಪ್ರವೇಶದ ಖರ್ಚು ಎಂದು ಸಾಮಾನ್ಯರ ಕೈಗೆ ಎಟುಕುವುದಿಲ್ಲ. ನೃತ್ಯಗ್ರಾಮ ಸುತ್ತಲಿನ ಹಳ್ಳಿಯ ಮಕ್ಕಳಿಗೆ ಫೀಸಿಲ್ಲದೆ ನೃತ್ಯ ಕಲಿಸತೊಡಗಿತು. ರಾಗಿ ಬೆಳೆಯುವವರ, ದನ ಕಾಯುವವರ ಮಕ್ಕಳು ಭಾನುವಾರ ಬಂದು ಅದೇ ಅಂಗಳದಲ್ಲಿ ಚೌಕ ಹಾಕಿ ನಿಂತರು. ಇನ್ನೊಂದು ವಸಂತಹಬ್ಬ. 1994ರಲ್ಲಿ ಶುರುವಾದ ಈ ಹಬ್ಬದಲ್ಲಿ ಫೆಬ್ರವರಿಯ ಒಂದು ರಾತ್ರಿ, ಸಂಜೆಯಿಂದ ಬೆಳಗಿನವರೆಗೆ, ಬಯಲು ರಂಗಮಂದಿರದಲ್ಲಿ ದೇಶದ ದೊಡ್ಡ ದೊಡ್ಡ ಕಲಾವಿದರ ಸಂಗೀತ, ನೃತ್ಯ. ಟಿಕೆಟ್ ಇಲ್ಲ. ಬೆಂಗಳೂರಿನಿಂದ ಕಾರಿನಲ್ಲಿ ಬಂದವರೂ ಪಕ್ಕದ ಹಳ್ಳಿಯಿಂದ ಕಂಬಳಿ ಹೊದ್ದು ಬಂದವರೂ ಒಟ್ಟಿಗೇ ನೆಲದ ಮೇಲೆ ಕೂರಬೇಕು. ನಮ್ಮ ಕಡೆ ಜಾತ್ರೆಯಲ್ಲಿ ರಾತ್ರಿಯಿಡೀ ಡೊಳ್ಳಿನ ಪದ ಕೇಳುತ್ತಾ ಕೂತವರಿಗೆ ಇದರ ಸುಖ ಗೊತ್ತು. 2004ರಲ್ಲಿ ಕೊನೆಯ ಸಲ ನಡೆದಾಗ 40,000 ಜನ ಸೇರಿದ್ದರು. ಆಮೇಲೆ ದುಡ್ಡಿನ ಅಡಚಣೆಯಿಂದ ನಿಂತುಹೋಯಿತು.

ಈ ವರ್ಷಗಳಲ್ಲಿ ಅವರು ಬೇಡಿ ಎಂಬ ಹೆಸರನ್ನು ಬಿಟ್ಟು ಪ್ರೋತಿಮಾ ಗೌರಿ ಆದರು. ವಿದ್ಯಾರ್ಥಿಗಳು, ಊರಿನವರು ಗೌರಿಯಮ್ಮ ಎನ್ನುತ್ತಿದ್ದರು.

1997ರಲ್ಲಿ ಅವರ ಮೇಲೆ ಬಿದ್ದ ಪೆಟ್ಟಿನ ಬಗ್ಗೆ ಬರೆಯುವುದು ಕಷ್ಟ. ಮಗ ಸಿದ್ಧಾರ್ಥ ಅಮೆರಿಕದಲ್ಲಿ ಓದುತ್ತಿದ್ದ, ಜಾಣ. ಅವನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಬಂತು. ಚಿಕಿತ್ಸೆ ನಡೆಯುತ್ತಿದ್ದಾಗಲೇ ಆ ವರ್ಷ ಜುಲೈಯಲ್ಲಿ ಅವನು ತಾನಾಗಿ ಜೀವ ಕಳೆದುಕೊಂಡ. ನಮ್ಮ ಮನೆಗಳಲ್ಲಿ ಈ ಬಗೆಯ ಕಾಯಿಲೆಯನ್ನು ಮುಚ್ಚಿಡುತ್ತಾರೆ, ಗಾಳಿ ಸೋಂಕು ಎಂದು ಅಲ್ಲಿ ಇಲ್ಲಿ ತಿರುಗಿಸುತ್ತಾರೆ. ಮಧುಮೇಹಕ್ಕೆ, ಕ್ಷಯಕ್ಕೆ ಡಾಕ್ಟರು ಇರುವ ಹಾಗೆ ಇದಕ್ಕೂ ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರು ಇದ್ದಾರೆ. ನಿಮ್ಮಲ್ಲಿ ಯಾರಿಗಾದರೂ ತಮಗೋ ಮನೆಯವರಿಗೋ ಹಾಗೆ ಅನ್ನಿಸಿದರೆ ನನಗೋ ಬೇರೆ ಯಾವ ಮೇಷ್ಟ್ರಿಗೋ ಬಂದು ಹೇಳಿ, ಸುಮ್ಮನಿರಬೇಡಿ. ಇಷ್ಟು ಹೇಳಲೆಂದೇ ಈ ಪ್ಯಾರಾ ಬರೆದೆ.

ಮಗನ ಸಾವಿನ ನಂತರ ಪ್ರೋತಿಮಾ ಕೈಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಬಿಡತೊಡಗಿದರು. ನೃತ್ಯಗ್ರಾಮದ ಹೊಣೆಯನ್ನು ಶಿಷ್ಯೆಯರಿಗೆ ಒಪ್ಪಿಸಿ, 1998ರ ಆರಂಭದಲ್ಲಿ ನೃತ್ಯದಿಂದ ನಿವೃತ್ತಿ ಎಂದು ಪ್ರಕಟಿಸಿದರು. ಒಂದು ಸಂಸ್ಥೆ ಕಟ್ಟಿದವರು ಬದುಕಿರುವಾಗಲೇ, ಇನ್ನೂ ಐವತ್ತು ತುಂಬುವ ಮುಂಚೆಯೇ ಕುರ್ಚಿ ಬಿಟ್ಟು ಎದ್ದುಹೋಗುವುದು ನಮ್ಮ ದೇಶದಲ್ಲಿ ಬಹಳ ಅಪರೂಪ. ಕಟ್ಟಿದವರೇ ಕಡೆಯವರೆಗೂ ಹಿಡಿದುಕೊಂಡು ಕೂತು ಸಂಸ್ಥೆಗಳು ಅವರೊಂದಿಗೇ ಮುಳುಗಿದ್ದನ್ನು ನೋಡಿದ್ದೇವೆ. ಅವರು ತಲೆ ಬೋಳಿಸಿಕೊಂಡು ಹಿಮಾಲಯದ ಕಡೆ ಹೊರಟರು, ಲಡಾಖಿನ ಲೇಹ್‌ನಲ್ಲಿ ಇದ್ದರು. ಒಂದು ಕಾಲಕ್ಕೆ ಬಂಗಾರದ ಬಣ್ಣದ ಕೂದಲಿಗೆ ಹೆಸರಾಗಿದ್ದ ಮಾಡೆಲ್ ಅದೇ ಕೂದಲನ್ನು ತೆಗೆಸಿಹಾಕಿ ಸಾದಾ ಬಟ್ಟೆಯಲ್ಲಿ ಬೆಟ್ಟ ಹತ್ತುತ್ತಿದ್ದರು.

ಆ ಆಗಸ್ಟಿನಲ್ಲಿ ಅವರು ಕೈಲಾಸ ಮಾನಸ ಸರೋವರ ಯಾತ್ರೆಗೆ ಹೊರಟ ತಂಡ ಸೇರಿದರು. ಕಾಳಿ ನದಿಯ ಕಣಿವೆಯಲ್ಲಿ, ಈಗ ಉತ್ತರಾಖಂಡದಲ್ಲಿರುವ ಪಿತೋರಗಢ ಜಿಲ್ಲೆಯ ಮಾಲ್ಪಾ ಎಂಬ ಸಣ್ಣ ಹಳ್ಳಿಯಲ್ಲಿ ಯಾತ್ರಿಕರ ಶಿಬಿರವಿತ್ತು. ಸತತ ಮಳೆ. ಆಗಸ್ಟ್ 17ರ ರಾತ್ರಿ ಮಲಗಿದ್ದಾಗ ಬೆಟ್ಟವೇ ಕುಸಿದು ಶಿಬಿರವನ್ನೂ ಹಳ್ಳಿಯನ್ನೂ ನದಿಗೆ ತಳ್ಳಿತು. ಯಾತ್ರಿಕರು, ಕೂಲಿಗಳು, ಹಳ್ಳಿಯವರು, ಪೊಲೀಸರು ಸೇರಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಪ್ರೋತಿಮಾ ಅವರಲ್ಲಿ ಒಬ್ಬರು. ಆಗ ಅವರ ವಯಸ್ಸು ನಲವತ್ತೊಂಬತ್ತು.

ಅವರು ಬರೆದಿಟ್ಟಿದ್ದ ಟಿಪ್ಪಣಿ, ಪತ್ರಗಳನ್ನು ಸೇರಿಸಿ ಮಗಳು ಪೂಜಾ ಬೇಡಿ ಆಮೇಲೆ ಟೈಮ್‌ಪಾಸ್ ಎಂಬ ಆತ್ಮಕಥೆಯನ್ನು ಹೊರತಂದರು. ತಮ್ಮ ಬದುಕಿನ ಯಾವುದನ್ನೂ ಅವರು ಅದರಲ್ಲಿ ಮುಚ್ಚಿಡಲಿಲ್ಲ. ಪಿಯುಸಿ ಮಕ್ಕಳಿಗೆ ಅದನ್ನು ಓದಿ ಎಂದು ಹೇಳಲು ನನಗೆ ಹಿಂಜರಿಕೆ ಇದೆ. ಪದವಿ ಮುಗಿಸಿದ ಮೇಲೆ ಓದಿಕೊಳ್ಳಿ.

ಮುಂದಿನ ವರ್ಷ ನಮ್ಮ ಶೈಕ್ಷಣಿಕ ಪ್ರವಾಸ ಬೆಂಗಳೂರಿಗೆ ಹೋದರೆ ವಿಧಾನಸೌಧ, ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಜೊತೆಗೆ ಅರ್ಧ ದಿನ ಹೆಸರಘಟ್ಟಕ್ಕೂ ಇಟ್ಟುಕೊಳ್ಳೋಣ ಎಂದು ಪ್ರಾಂಶುಪಾಲರಲ್ಲಿ ಕೇಳಿಕೊಂಡಿದ್ದೇನೆ. ನೃತ್ಯಗ್ರಾಮದ ತಂಡ ಈಗ ಅಮೆರಿಕ, ಯೂರೋಪಿನ ದೊಡ್ಡ ರಂಗಮಂದಿರಗಳಲ್ಲಿ ಒಡಿಸ್ಸಿ ಪ್ರದರ್ಶನ ಕೊಡುತ್ತದೆ. ಅದನ್ನು ಮುನ್ನಡೆಸುತ್ತಾ ಬಂದವರು ಸುರೂಪಾ ಸೇನ್. 1990ರಲ್ಲಿ, ಶಾಲೆ ಶುರುವಾದ ವರ್ಷವೇ ಬಂದು ಸೇರಿದ ಮೊದಲ ವಿದ್ಯಾರ್ಥಿನಿ ಅವರು.